ಕೊನೆಯ ಕೋಣೆಗೆ ತಲುಪದ ವೈಫೈ

ಮನೆಗೆ ಮೆಶ್ ವೈಫೈ ಹಾಕಿಸಿಕೊಂಡವರ ದೂರುಗಳು ಹೆಚ್ಚುಕಡಿಮೆ ಒಂದೇ. ಹಾಲ್‌ನಲ್ಲಿ ಎಲ್ಲ ಸರಿ. ಹಿಂದಿನ ರೂಮಿಗೆ ಹೋದರೆ ಫೋನಿನಲ್ಲಿ ಗೆರೆಗಳೇನೋ ಪೂರ್ತಿ ಇರುತ್ತವೆ, ಆದರೆ ವಿಡಿಯೊ ಕಾಲ್ ನಿಂತು ನಿಂತು ಬರುತ್ತದೆ. ಇನ್ನೊಂದು ಪೆಟ್ಟಿಗೆ ತಂದು ಸೇರಿಸಿದರೆ ಕೆಲವೊಮ್ಮೆ ಇನ್ನಷ್ಟು ಕೆಡುತ್ತದೆ. ಪೆಟ್ಟಿಗೆ ಮಾರಿದವರು ಗೋಡೆಯನ್ನು ದೂರುತ್ತಾರೆ, ಇಂಟರ್ನೆಟ್ ಕೊಟ್ಟವರು ಪೆಟ್ಟಿಗೆಯನ್ನು ದೂರುತ್ತಾರೆ, ಮನೆಯವರು ಒಬ್ಬರನ್ನೊಬ್ಬರು ದೂರುತ್ತಾರೆ. ನಮ್ಮ ಮನೆಯಲ್ಲೂ ಇದೇ ಕಥೆ. ಹೀಗೇಕೆ ಎಂದು ಓದುತ್ತ ಹೋದಾಗ, ಈ ದೂರು ಪೆಟ್ಟಿಗೆಗಿಂತ ಬಹಳ ಹಳೆಯದು ಎಂದು ಗೊತ್ತಾಯಿತು. ಅದರ ಬೇರು ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿದೆ.

ಹವಾಯಿ ವಿಶ್ವವಿದ್ಯಾಲಯದ ಕಾಲೇಜುಗಳು ಬೇರೆ ಬೇರೆ ದ್ವೀಪಗಳಲ್ಲಿ ಹಂಚಿಹೋಗಿದ್ದವು. ದೊಡ್ಡ ಕಂಪ್ಯೂಟರ್ ಇದ್ದದ್ದು ಹೊನೊಲುಲುವಿನಲ್ಲಿ. ನಡುವೆ ಸಮುದ್ರ, ಇದ್ದ ಟೆಲಿಫೋನ್ ತಂತಿ ದುಬಾರಿ, ನೆಚ್ಚುವಂತೆಯೂ ಇರಲಿಲ್ಲ. ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಸಂಗಡಿಗರು 1971ರಲ್ಲಿ ರೇಡಿಯೊ ಮೂಲಕ ಮಾಹಿತಿ ಕಳಿಸುವ ಅಲೋಹಾ ಜಾಲವನ್ನು ಶುರುಮಾಡಿದರು. ಅದರ ನಿಯಮ ತೀರ ಸರಳ. ಹೇಳುವುದಿದ್ದರೆ ಹೇಳಿಬಿಡು. ತಲುಪಿತೆಂಬ ಉತ್ತರ ಬಾರದಿದ್ದರೆ, ಯಾರದೋ ಮಾತಿಗೆ ನಿನ್ನ ಮಾತು ಡಿಕ್ಕಿ ಹೊಡೆದಿದೆ ಎಂದು ತಿಳಿದು, ಮನಸ್ಸಿಗೆ ಬಂದಷ್ಟು ಹೊತ್ತು ಕಾದು ಮತ್ತೆ ಹೇಳು. ಎಲ್ಲರಿಗೂ ಒಂದೇ ಗಾಳಿ, ಪಾಳಿ ಹಂಚುವವರಿಲ್ಲ. ಇದರ ಬೆಲೆ ಎಷ್ಟೆಂಬುದನ್ನೂ ಅಬ್ರಾಮ್ಸನ್ ಲೆಕ್ಕ ಹಾಕಿದ್ದರು. ಹೀಗೆ ನಡೆಯುವ ಜಾಲದಲ್ಲಿ ಒಟ್ಟು ಸಾಮರ್ಥ್ಯದ ಶೇಕಡಾ 18ರಷ್ಟು ಮಾತ್ರ ಕೆಲಸಕ್ಕೆ ಬರುತ್ತದೆ. ಉಳಿದದ್ದು ಡಿಕ್ಕಿಯಲ್ಲೂ ಖಾಲಿ ಕಾಯುವುದರಲ್ಲೂ ಕಳೆದುಹೋಗುತ್ತದೆ.

ಅಬ್ರಾಮ್ಸನ್ನರ ಪ್ರಬಂಧವನ್ನು ಓದಿದ ರಾಬರ್ಟ್ ಮೆಟ್‌ಕಾಫ್ 1973ರಲ್ಲಿ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಅದೇ ಉಪಾಯವನ್ನು ಒಂದು ಕೇಬಲ್ಲಿನೊಳಗೆ ತಂದರು. ಅದೇ ಈಥರ್ನೆಟ್. ತಂತಿಯಲ್ಲಿ ಎರಡು ಅನುಕೂಲವಿತ್ತು. ಮಾತಾಡುವ ಮೊದಲು ಬೇರೆಯವರು ಮಾತಾಡುತ್ತಿದ್ದಾರೆಯೇ ಎಂದು ಕೇಳಿಸಿಕೊಳ್ಳಬಹುದು. ಮಾತಾಡುತ್ತಿರುವಾಗಲೇ ಡಿಕ್ಕಿಯಾದರೆ ತಕ್ಷಣ ತಿಳಿದು ನಿಲ್ಲಿಸಬಹುದು. ರೇಡಿಯೊಗೆ ಎರಡನೆಯದು ಸಾಧ್ಯವಿಲ್ಲ. ಶಂಖ ಊದುತ್ತಿರುವವನಿಗೆ ದೂರದವನ ಪಿಸುಮಾತು ಕೇಳಿಸುವುದಿಲ್ಲವಲ್ಲ, ಹಾಗೆ. ಇಂದಿನ ವೈಫೈ ಕೂಡ ಮೊದಲು ಕೇಳಿಸಿಕೊಂಡು, ಆಮೇಲೆ ಮಾತಾಡಿ, ತಲುಪಿತೇ ಎಂಬ ಉತ್ತರಕ್ಕೆ ಕಾಯುತ್ತದೆ.

ಕೇಳಿಸಿಕೊಂಡೇ ಮಾತಾಡಿದರೂ ಸಾಲದು ಎಂಬುದನ್ನು 1975ರಲ್ಲಿ ಫೌಆದ್ ತೊಬಾಗಿ ಮತ್ತು ಲೆನರ್ಡ್ ಕ್ಲೈನ್‌ರಾಕ್ ವಿವರಿಸಿದರು. ಗುಡ್ಡದ ಈಚೆ ಒಬ್ಬ, ಆಚೆ ಒಬ್ಬ, ನೆತ್ತಿಯ ಮೇಲೆ ಇನ್ನೊಬ್ಬ ನಿಂತಿದ್ದಾರೆ ಎಂದುಕೊಳ್ಳಿ. ಈಚೆಯವನಿಗೆ ಆಚೆಯವನ ದನಿ ಕೇಳಿಸದು. ಸದ್ದಿಲ್ಲ ಎಂದುಕೊಂಡು ಇಬ್ಬರೂ ಒಟ್ಟಿಗೆ ಕೂಗುತ್ತಾರೆ. ನೆತ್ತಿಯವನಿಗೆ ಯಾರ ಮಾತೂ ತಿಳಿಯುವುದಿಲ್ಲ. ಗುಡ್ಡದ ಬದಲು ಇಟ್ಟಿಗೆ ಗೋಡೆ, ನೆತ್ತಿಯವನ ಬದಲು ಪ್ಯಾಸೇಜಿನಲ್ಲಿಟ್ಟ ಮೆಶ್ ಪೆಟ್ಟಿಗೆ ಎಂದುಕೊಂಡರೆ ಇದು ನಮ್ಮ ಮನೆಯದೇ ಚಿತ್ರ.

ಕೈಯಿಂದ ಕೈಗೆ ದಾಟಿಸುವ ಉಪಾಯಕ್ಕೂ ಅಷ್ಟೇ ವಯಸ್ಸಾಗಿದೆ. ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಪ್ಯಾಕೆಟ್ ರೇಡಿಯೊ ಜಾಲವನ್ನು ಕಟ್ಟಿತು. ಬೆಟ್ಟಗಳ ಮೇಲೆ ದಾಟಿಸುವ ಯಂತ್ರಗಳಿದ್ದವು, ರಸ್ತೆಯಲ್ಲಿ ಓಡಾಡುವ ವ್ಯಾನೊಳಗೆ ಕಂಪ್ಯೂಟರ್ ಇತ್ತು. ಯುದ್ಧಭೂಮಿಯಲ್ಲಿ ತಂತಿ ಎಳೆಯಲಾಗದು, ಒಂದು ಯಂತ್ರ ನಾಶವಾದರೆ ಮಾತು ಇನ್ನೊಂದರ ಮೂಲಕ ಹಾದಿ ಹುಡುಕಿಕೊಳ್ಳಬೇಕು ಎಂಬುದು ಅದರ ಉದ್ದೇಶ. ಹವಾಯಿಯಲ್ಲಿ ಸಮುದ್ರ, ಇಲ್ಲಿ ಯುದ್ಧಭೂಮಿ. ತಂತಿ ಹೋಗಲಾರದ ಜಾಗಕ್ಕೆಂದೇ ಈ ವಿದ್ಯೆ ಹುಟ್ಟಿತು.

ಅದು ಜನಸಾಮಾನ್ಯರ ಕೈಗೆ ಬರಲು ಕಾರಣವಾದದ್ದು 1985ರ ಒಂದು ಆದೇಶ. ಅಮೆರಿಕದ ಸಂಪರ್ಕ ಆಯೋಗ ಕೆಲವು ತರಂಗಪಟ್ಟಿಗಳಲ್ಲಿ ಪರವಾನಗಿ ಇಲ್ಲದೆ ಸಂದೇಶ ಕಳಿಸಲು ಅವಕಾಶ ಕೊಟ್ಟಿತು. ಅವುಗಳಲ್ಲೊಂದು 2.4 ಗಿಗಾಹರ್ಟ್ಸ್ ಪಟ್ಟಿ. ಮೈಕ್ರೊವೇವ್ ಒಲೆಗಳು ಗದ್ದಲ ಎಬ್ಬಿಸುವ ಪಟ್ಟಿಯೂ ಅದೇ. 1997ರಲ್ಲಿ ವೈಫೈಯ ಮೊದಲ ಮಾನದಂಡ ಬಂತು. 1999ರಿಂದ ಅದು ಮನೆಗಳಿಗೆ ಹೋಗತೊಡಗಿತು. ಭಾರತ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಂದ ಬಿಡುಗಡೆ ಮಾಡಿದ್ದು 2005ರ ಜನವರಿಯಲ್ಲಿ. ಅದೇ ವರ್ಷ ಧರ್ಮಶಾಲಾದ ಬೆಟ್ಟಗಳಲ್ಲಿ ಅಗ್ಗದ ರೂಟರ್‌ಗಳನ್ನು ಬಳಸಿ ಸಮುದಾಯದ ಮೆಶ್ ಜಾಲವೊಂದು ಎದ್ದಿತು. ನಮ್ಮ ತುಮಕೂರಿನ ದೇವರಾಯನದುರ್ಗದ ಕಡೆಯೂ ಜನಸ್ತು ಎಂಬ ಸಂಸ್ಥೆ ಇಂಥದೇ ಕೆಲಸ ಮಾಡಿದೆ. ಕಂಪನಿಗಳ ತಂತಿ ತಲುಪದ ಕಡೆ ಇಂಥ ಜಾಲ ನಿಜಕ್ಕೂ ದೊಡ್ಡ ಉಪಕಾರ.

ನಮ್ಮ ಹಳೆಯ ಕೆರೆಗಳಿಗೆ ನೀರುಗಂಟಿ ಇರುತ್ತಿದ್ದ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಅವನೇ ತೂಬು ತೆಗೆದು ಹಂಚುತ್ತಿದ್ದ. ಪರವಾನಗಿ ಬೇಡದ ತರಂಗಪಟ್ಟಿಯೆಂದರೆ ನೀರುಗಂಟಿ ಇಲ್ಲದ ಕೆರೆ. ಬೆಂಗಳೂರಿನ ನಮ್ಮ ಬೀದಿಯಲ್ಲಿ ರಾತ್ರಿ ಎಂಟಕ್ಕೆ ಫೋನು ತೆಗೆದು ನೋಡಿದರೆ ಇಪ್ಪತ್ತಕ್ಕೂ ಹೆಚ್ಚು ವೈಫೈ ಹೆಸರುಗಳು ಕಾಣುತ್ತವೆ. 2.4ರ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಇರುವುದು ಮೂರೇ. ನಮ್ಮ ಮನೆಗೆ ಇನ್ನೊಂದು ಪೆಟ್ಟಿಗೆ ತಂದರೆ ಪಕ್ಕದ ಮನೆಯವರು ಕಾಯುವ ಹೊತ್ತು ಹೆಚ್ಚುತ್ತದೆ. ಅವರೂ ತಂದರೆ ನಮ್ಮದು ಹೆಚ್ಚುತ್ತದೆ.

ಮೆಶ್ ಜಾಲವನ್ನು ಊರಿನ ನಡುವೆ ಇಟ್ಟು ಪರೀಕ್ಷಿಸಿದವರು ಎಂಐಟಿಯ ಸಂಶೋಧಕರು. 2000ದ ದಶಕದ ಮೊದಲಲ್ಲಿ ಕೇಂಬ್ರಿಡ್ಜ್ ಪಟ್ಟಣದ ಮನೆಗಳ ಮೇಲೆ ಆಂಟೆನಾ ನಿಲ್ಲಿಸಿ ಕಟ್ಟಿದ ಈ ಜಾಲದ ಹೆಸರು ರೂಫ್‌ನೆಟ್. ಎರಡು ಯಂತ್ರಗಳಿಗೆ ಪರಸ್ಪರ ಕೇಳಿಸುತ್ತದೆ ಅಥವಾ ಕೇಳಿಸುವುದಿಲ್ಲ, ನಡುವೆ ಇನ್ನೊಂದಿಲ್ಲ ಎಂದು ಅಲ್ಲಿಯವರೆಗೆ ಲೆಕ್ಕ ಹಾಕುತ್ತಿದ್ದರು. ರೂಫ್‌ನೆಟ್ಟಿನಲ್ಲಿ ಅಳೆದು ನೋಡಿದಾಗ ಹೆಚ್ಚಿನ ಸಂಪರ್ಕಗಳು ಅರೆಬರೆಯವು. ಹತ್ತು ಕಳಿಸಿದರೆ ನಾಲ್ಕೋ ಏಳೋ ತಲುಪುವಂಥವು. ನಾಲ್ಕು ಸಲ ಕೂಗಿದರೆ ಒಮ್ಮೆ ಕೇಳಿಸುವ ನೇರ ದಾರಿಗಿಂತ, ನಡುವೆ ಒಬ್ಬನನ್ನಿಟ್ಟುಕೊಂಡು ಎರಡೇ ಸಲದಲ್ಲಿ ಮುಗಿಯುವ ದಾರಿ ಮೇಲು. ಆದ್ದರಿಂದ ದಾರಿಯನ್ನು ಅದರ ಉದ್ದದಿಂದಲ್ಲ, ಎಷ್ಟು ಸಲ ಕೂಗಬೇಕಾದೀತು ಎಂಬುದರಿಂದ ಅಳೆಯಬೇಕೆಂದು ಅವರು 2003ರಲ್ಲಿ ತೋರಿಸಿದರು. ಫೋನಿನ ಪೂರ್ತಿ ಗೆರೆಗಳನ್ನು ಏಕೆ ನಂಬಬಾರದು ಎಂಬುದಕ್ಕೂ ಇಲ್ಲೇ ಉತ್ತರವಿದೆ. ಆ ಗೆರೆ ಹತ್ತಿರದ ಪೆಟ್ಟಿಗೆಯ ದನಿಯನ್ನು ಮಾತ್ರ ಹೇಳುತ್ತದೆ; ಆ ಪೆಟ್ಟಿಗೆ ತನ್ನ ಹಿಂದಿನದರ ಜೊತೆ ಹೇಗೆ ಒದ್ದಾಡುತ್ತಿದೆ ಎಂಬುದನ್ನು ಹೇಳುವುದಿಲ್ಲ.

ಅಷ್ಟೆಲ್ಲ ಜಾಣತನದಿಂದ ದಾರಿ ಹುಡುಕಿದರೂ ರೂಫ್‌ನೆಟ್ಟಿನಲ್ಲಿ ಒಂದೇ ಜಿಗಿತದಲ್ಲಿ ತಲುಪುವವರಿಗೆ ಸಿಗುತ್ತಿದ್ದ ವೇಗದ ಮೂರನೇ ಒಂದರಷ್ಟು ಮಾತ್ರ ಎರಡು ಜಿಗಿತದವರಿಗೆ ಸಿಗುತ್ತಿತ್ತು. ಮೂರು ಜಿಗಿತದವರಿಗೆ ಇನ್ನೂ ಕಡಿಮೆ. ಏಕೆಂದರೆ ದಾಟಿಸುವವನು ಕೇಳಿಸಿಕೊಂಡದ್ದನ್ನು ಅದೇ ಗಾಳಿಯಲ್ಲಿ ಮತ್ತೊಮ್ಮೆ ಹೇಳಬೇಕು. ಅಷ್ಟು ಹೊತ್ತು ಉಳಿದವರು ಸುಮ್ಮನಿರಬೇಕು. ಇದನ್ನು ಗಣಿತದಲ್ಲಿ ಹಿಡಿದವರಲ್ಲಿ ಮದರಾಸಿನ ಐಐಟಿಯಲ್ಲಿ ಓದಿದ ಪಿ. ಆರ್. ಕುಮಾರ್ ಒಬ್ಬರು. ಪೀಯೂಷ್ ಗುಪ್ತ ಅವರೊಂದಿಗೆ 2000ದಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಸಾರ ಇಷ್ಟು: ಒಂದೇ ಗಾಳಿಯಲ್ಲಿ ಒಬ್ಬರಿಗೊಬ್ಬರು ದಾಟಿಸುವ ಯಂತ್ರಗಳ ಸಂಖ್ಯೆ ಹೆಚ್ಚಿದಂತೆ ಒಬ್ಬೊಬ್ಬರ ಪಾಲು ಕುಗ್ಗುತ್ತಲೇ ಹೋಗುತ್ತದೆ.

ಇಷ್ಟೆಲ್ಲ ಗೊತ್ತಿದ್ದೇ 2016ರ ಹೊತ್ತಿಗೆ ಮೆಶ್ ಪೆಟ್ಟಿಗೆಗಳು ಮನೆಬಳಕೆಯ ಸಾಮಾನಾಗಿ ಅಂಗಡಿಗೆ ಬಂದವು. ಆ ವರ್ಷದ ಮೊದಲಲ್ಲಿ ಈರೊ, ಕೊನೆಯಲ್ಲಿ ಗೂಗಲ್ ವೈಫೈ. ದಾಟಿಸುವುದಕ್ಕೆಂದೇ ಬೇರೆ ರೇಡಿಯೊ ಇರುವ ದುಬಾರಿ ಪೆಟ್ಟಿಗೆಗಳೂ ಬಂದವು. ಅವು ಮೇಲು, ಸುಳ್ಳಲ್ಲ. ಆದರೆ ಆ ರೇಡಿಯೊ ಬಳಸುವ 5 ಗಿಗಾಹರ್ಟ್ಸ್ ತರಂಗ 2.4ಕ್ಕಿಂತ ಬೇಗ ಗೋಡೆಗೆ ಸೋಲುತ್ತದೆ. ಅಮೆರಿಕದ ಬಹಳಷ್ಟು ಮನೆಗಳ ಒಳಗೋಡೆ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದದ್ದು. ನಮ್ಮದು ಇಟ್ಟಿಗೆ, ಸಿಮೆಂಟು, ಕಬ್ಬಿಣದ ಕಂಬಿ ಹೆಣೆದ ಮೋಲ್ಡು. ಇದರ ಜೊತೆಗೆ, ಯಾವ ಪೆಟ್ಟಿಗೆಗೆ ಅಂಟಿಕೊಳ್ಳಬೇಕೆಂದು ನಿರ್ಧರಿಸುವುದು ಫೋನೇ ಹೊರತು ಪೆಟ್ಟಿಗೆಯಲ್ಲ. ಹಿಂದಿನ ರೂಮಿಗೆ ಬಂದ ಮೇಲೂ ಹಾಲ್‌ನ ಪೆಟ್ಟಿಗೆಯನ್ನೇ ಹಿಡಿದುಕೊಂಡಿರುವ ಫೋನುಗಳುಂಟು. ಇನ್ನು ಕರೆಂಟು ಹೋದರೆ ಯುಪಿಎಸ್ ಇರುವುದು ಸಾಮಾನ್ಯವಾಗಿ ಮೊದಲ ಪೆಟ್ಟಿಗೆಗೆ ಮಾತ್ರ.

ಈ ಎಲ್ಲ ನಷ್ಟ ಮನೆಯವರ ಮೇಲೆ ಸಮನಾಗಿ ಬೀಳುವುದಿಲ್ಲ. ನಾಲೆಯ ಕೊನೆಯ ಭಾಗದ ರೈತನಿಗೆ ನೀರು ತಲುಪಲಿಲ್ಲ ಎಂಬ ಸುದ್ದಿಯನ್ನು ನಾವು ಪ್ರತಿವರ್ಷ ಪತ್ರಿಕೆಗಳಲ್ಲಿ ಓದುತ್ತೇವೆ. ಮನೆಯಲ್ಲೂ ಹಾಗೆಯೇ. ಮೊದಲ ಪೆಟ್ಟಿಗೆ ಟಿವಿಯ ಪಕ್ಕ, ಹಾಲ್‌ನಲ್ಲಿ. ಕೊನೆಯ ಕೋಣೆಯಲ್ಲಿರುವವರು ಪರೀಕ್ಷೆಗೆ ಓದುವ ಮಗಳು, ದೂರದೇಶದ ಮಗನ ಮುಖವನ್ನು ವಾರಕ್ಕೊಮ್ಮೆ ನೋಡುವ ಅಜ್ಜಿ, ಮಹಡಿಯ ಒಂಟಿ ರೂಮಿನ ಬಾಡಿಗೆಯವರು. ನನಗೆ ಗೊತ್ತಿರುವ ಹುಡುಗಿಯೊಬ್ಬಳು ಕೆಲಸದ ಸಂದರ್ಶನದ ನಡುವೆ ಎರಡು ಸಲ ಮಾಯವಾದಳು. ನೆಟ್ ಹೋಯಿತು ಎಂದು ಎದುರಿನವರಿಗೆ ಹೇಳಲು ಕೂಡ ನೆಟ್ ಬೇಕಲ್ಲ. ಹಾಲ್‌ನಲ್ಲಿ ಅದೇ ಹೊತ್ತಿಗೆ ಕ್ರಿಕೆಟ್ ಸರಾಗವಾಗಿ ನಡೆದಿತ್ತು.

ರೂಫ್‌ನೆಟ್ಟಿನ ಮನೆಗಳಲ್ಲಿ ಕೆಲವು ತಂತಿಯ ಮೂಲಕ ಇಂಟರ್ನೆಟ್ಟಿಗೆ ಸೇರಿದ್ದವು. ಅವುಗಳಿಗೆ ಹತ್ತಿರವಿದ್ದವರು ಸುಖವಾಗಿದ್ದರು. ಐವತ್ತು ವರ್ಷಗಳ ಅನುಭವ ಹೇಳುವುದೂ ಇದನ್ನೇ: ದಾಟುವ ಜಿಗಿತ ಕಡಿಮೆ ಮಾಡಿ, ಬೆನ್ನೆಲುಬಿಗೆ ತಂತಿ ಕೊಡಿ. ತಂತಿ ಎಳೆಯಲಾಗದವರು ಎರಡನೆಯ ಪೆಟ್ಟಿಗೆಯನ್ನು ಸಿಗ್ನಲ್ ಸತ್ತ ರೂಮಿನಲ್ಲಿಡದೆ, ಸಿಗ್ನಲ್ ಇನ್ನೂ ಚೆನ್ನಾಗಿರುವ ಅರ್ಧದಾರಿಯಲ್ಲಿಡುವುದು ಒಳ್ಳೆಯದು. ಮನೆ ಕಟ್ಟಿಸುತ್ತಿರುವವರಾದರೆ ಎಲೆಕ್ಟ್ರಿಷಿಯನ್ ಮೋಲ್ಡಿಗೆ ಮೊದಲು ಕರೆಂಟಿನ ಪೈಪು ಕೂರಿಸುವ ದಿನ, ಪ್ರತಿ ರೂಮಿಗೂ ಇನ್ನೊಂದು ಖಾಲಿ ಪೈಪು ಹಾಕಲು ಹೇಳಬೇಕು. ಆಮೇಲೆ ಗೋಡೆ ಕೊರೆಯುವ ಖರ್ಚಿನ ಮುಂದೆ ಅದರ ಬೆಲೆ ಏನೂ ಅಲ್ಲ. ಹವಾಯಿಯವರಿಗೆ ನಡುವೆ ಸಮುದ್ರವಿತ್ತು. ನಮಗೆ ಹಾಲ್‌ನಿಂದ ಹಿಂದಿನ ರೂಮಿಗೆ ಇರುವುದು ಮೂವತ್ತು ಅಡಿ.