ಐದು ಅಂಕ ಬಂದ್ರೆ ಫೇಲ್

ನಿಮ್ಮ ಮೇಲ್‌ನ ಸ್ಪ್ಯಾಮ್ ಫೋಲ್ಡರ್ ಕೊನೇ ಸಲ ತೆಗೆದು ನೋಡಿದ್ದು ಯಾವಾಗ? ಬಹುಶಃ ಬರಬೇಕಾದ ಆಫರ್ ಲೆಟರ್ ಬರದೇ ಇದ್ದಾಗ. ಅಲ್ಲಿವರೆಗೆ ಆ ಫೋಲ್ಡರ್ ಇದೆ ಅನ್ನೋದೇ ನಮಗೆ ನೆನಪಿರಲ್ಲ. ಯಾವ ಪತ್ರ ಒಳಗೆ ಬರಬೇಕು, ಯಾವುದು ಕಸದ ಬುಟ್ಟಿಗೆ ಹೋಗಬೇಕು ಅಂತ ನಮ್ಮ ಪರವಾಗಿ ಯಾರೋ ತೀರ್ಮಾನ ಮಾಡ್ತಾ ಇರ್ತಾರೆ. ಇವತ್ತು ಆ ಕೆಲಸ ದೊಡ್ಡ ಕಂಪನಿಗಳ ಯಂತ್ರಗಳದ್ದು. ಆದರೆ ಅದನ್ನು ಶುರು ಮಾಡಿದ್ದು ತಲೆ ಕೆಟ್ಟು ಹೋಗಿ ಸ್ಕ್ರಿಪ್ಟ್ ಬರೆದ ಒಬ್ಬೊಬ್ಬ ಸಿಸ್ಟಮ್ ಅಡ್ಮಿನ್‌ಗಳು. ಒಂದು ಸಣ್ಣ ಆಫೀಸಿನ ಮೇಲ್ ಸರ್ವರ್ ನೋಡಿಕೊಳ್ಳೋ ನನಗೆ ಇವರೆಲ್ಲ ಒಂಥರಾ ವೃತ್ತಿಯಲ್ಲಿ ಪೂರ್ವಿಕರು.

ರೋಗ ಮೊದಲು, ಮದ್ದು ಆಮೇಲೆ. 1978ರ ಮೇ ತಿಂಗಳಲ್ಲಿ ಡಿಇಸಿ ಕಂಪನಿಯ ಮಾರ್ಕೆಟಿಂಗ್‌ನಲ್ಲಿದ್ದ ಗ್ಯಾರಿ ಥುಯೆರ್ಕ್, ಹೊಸ ಕಂಪ್ಯೂಟರಿನ ಪ್ರದರ್ಶನಕ್ಕೆ ಬನ್ನಿ ಅಂತ ಆರ್ಪಾನೆಟ್‌ನ ಸುಮಾರು 400 ಜನಕ್ಕೆ ಒಂದೇ ಪತ್ರ ಕಳಿಸಿದ. ವಿಳಾಸಗಳು ಎಷ್ಟಿದ್ದವು ಅಂದ್ರೆ, ಮೇಲಿನ ಜಾಗ ಸಾಲದೆ ಪತ್ರದ ಒಳಕ್ಕೇ ಉಕ್ಕಿ ಬಂದವು. ಬೈಗುಳ ಬಂತು, ವಿಷಯ ತಣ್ಣಗಾಯಿತು. ತಣ್ಣಗಾಗದೇ ಇದ್ದದ್ದು 1994ರ ಏಪ್ರಿಲ್‌ನದ್ದು. ಅರಿಜೋನಾದ ವಕೀಲ ದಂಪತಿ ಕ್ಯಾಂಟರ್ ಮತ್ತು ಸೀಗಲ್, ಗ್ರೀನ್ ಕಾರ್ಡ್ ಲಾಟರಿಗೆ ಅರ್ಜಿ ಹಾಕಿಸಿ ಕೊಡ್ತೀವಿ ಅನ್ನೋ ಜಾಹೀರಾತನ್ನು ಯೂಸ್‌ನೆಟ್ ಅನ್ನೋ ಚರ್ಚಾಜಾಲದ ಸಾವಿರಾರು ಗುಂಪುಗಳಿಗೆ ಒಂದೇ ಏಟಿಗೆ ಸುರಿದರು. (ಆ ಲಾಟರಿಯಲ್ಲಿ ಭಾರತೀಯರಿಗೆ ಅವಕಾಶ ಇಲ್ಲ. ನಾವು ಎಚ್‌-1ಬಿ ಕ್ಯೂನಲ್ಲೇ ನಿಲ್ಲಬೇಕು.) ಅಷ್ಟು ಗುಂಪುಗಳಿಗೆ ಕೈಯಲ್ಲಿ ಕಳಿಸೋಕೆ ಆಗಲ್ಲವಲ್ಲ, ಅದಕ್ಕೂ ಒಂದು ಪುಟ್ಟ ಪರ್ಲ್ ಸ್ಕ್ರಿಪ್ಟೇ ಬಳಕೆಯಾಯಿತು. ಅಂದ್ರೆ ಸುರಿದದ್ದೂ ಸ್ಕ್ರಿಪ್ಟ್, ಮುಂದೆ ತಡೆದದ್ದೂ ಸ್ಕ್ರಿಪ್ಟ್.

ತಡೆಯೋಕೆ ಮೊದಲು ಕೈಗೆ ಸಿಕ್ಕಿದ್ದು ಪ್ರಾಕ್‌ಮೇಲ್. 1990ರಲ್ಲಿ ಸ್ಟೀಫನ್ ವ್ಯಾನ್ ಡೆನ್ ಬರ್ಗ್ ಬರೆದ ಪುಟ್ಟ ಪ್ರೋಗ್ರಾಂ. ನಿಜವಾಗಿ ಅದು ಇದ್ದದ್ದು ಬಂದ ಮೇಲ್‌ಗಳನ್ನು ಬೇರೆ ಬೇರೆ ಫೋಲ್ಡರಿಗೆ ವಿಂಗಡಿಸೋಕೆ. ಅದರ ನಿಯಮಗಳಿಗೆ 'ರೆಸಿಪಿ' ಅಂತ ಹೆಸರು, ಮೂರು ಸಾಲಿನಲ್ಲಿ ಮುಗಿಯುತ್ತೆ: ವಿಷಯದ ಸಾಲಿನಲ್ಲಿ ಇಂಥ ಪದ ಇದ್ದರೆ ಇಂಥ ಕಡೆ ಹಾಕು. ಆ 'ಇಂಥ ಕಡೆ' ಅನ್ನೋ ಜಾಗದಲ್ಲಿ 'ಡೆವ್ ನಲ್' ಅಂತ ಬರೆದುಬಿಟ್ಟರೆ ಪತ್ರ ಯುನಿಕ್ಸ್‌ನ ಪಾತಾಳಕ್ಕೆ ಹೋಗುತ್ತೆ, ಮತ್ತೆ ಮೇಲೆ ಬರಲ್ಲ. ಅಡ್ಮಿನ್‌ಗಳು ರಾತ್ರಿ ಕೂತು ರೆಸಿಪಿ ಮೇಲೆ ರೆಸಿಪಿ ಬರೆದರು. ಅತ್ತ ಕಡೆಯವರು 'ಫ್ರೀ' ಅನ್ನೋ ಪದದ ಅಕ್ಷರಗಳ ಮಧ್ಯೆ ಚುಕ್ಕಿ ಇಟ್ಟರು. ಇವರು ಚುಕ್ಕಿಗೂ ನಿಯಮ ಬರೆದರು. ಅವರು 'ಒ' ಬದಲು ಸೊನ್ನೆ ಹಾಕಿದರು. ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಪದ ನೋಡಿ ಪತ್ರ ಎಸೆಯೋ ನಿಯಮಕ್ಕೆ ಸಂದರ್ಭ ಗೊತ್ತಿರಲ್ಲ. ಸಿಯಾಲಿಸ್ ಅನ್ನೋ ಮಾತ್ರೆಯ ಹೆಸರನ್ನ ಯಾರಾದರೂ ತಡೆದರು ಅಂತಿಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ 'ಸ್ಪೆಷಲಿಸ್ಟ್' ಅಂತ ಬರೆದರೆ ಆ ಪದದ ಹೊಟ್ಟೆಯೊಳಗೆ ಮಾತ್ರೆಯ ಆರೂ ಅಕ್ಷರ ಸಾಲಾಗಿ ಕೂತಿರ್ತವೆ. ಎಚ್ಆರ್ ಸ್ಪೆಷಲಿಸ್ಟ್ ಕೆಲಸಕ್ಕೆ ಅರ್ಜಿ ಹಾಕಿದವರ ರೆಸ್ಯೂಮೆ ನೇರ ಪಾತಾಳಕ್ಕೆ. ಒಂದು ಸ್ಪ್ಯಾಮ್ ತಪ್ಪಿಸಿಕೊಂಡು ಒಳಗೆ ಬಂದರೆ ಎರಡು ಸೆಕೆಂಡ್ ನಷ್ಟ, ಡಿಲೀಟ್ ಒತ್ತಿದರೆ ಆಯಿತು. ಒಳ್ಳೆ ಪತ್ರ ಹೊರಗೆ ಹೋದರೆ? ಸ್ಪ್ಯಾಮ್ ಫಿಲ್ಟರ್‌ಗಳ ಇತಿಹಾಸವನ್ನ ನಾನು ಓದೋದು ಈ ಪ್ರಶ್ನೆ ಇಟ್ಟುಕೊಂಡೇ.

1997ರಲ್ಲಿ ಪಾಲ್ ವಿಕ್ಸಿ ಮತ್ತಿತರರು ಸ್ಪ್ಯಾಮ್ ಕಳಿಸೋ ಸರ್ವರ್‌ಗಳ ಕಪ್ಪುಪಟ್ಟಿ ಮಾಡಿದರು. ಉಪಯೋಗ ಆಯಿತು, ಆದರೆ ಆ ಪಟ್ಟಿಯಲ್ಲಿ ಬಿದ್ದ ಸರ್ವರ್‌ನ ನಿರಪರಾಧಿಗಳಿಗೂ ಏಟು ಬಿತ್ತು. ಅದೇ ವರ್ಷ ಮಾರ್ಕ್ ಜೆಫ್ಟೋವಿಕ್ ಒಂದು ಪರ್ಲ್ ಫಿಲ್ಟರ್ ಬರೆದಿದ್ದ. ಐರ್ಲೆಂಡಿನ ಜಸ್ಟಿನ್ ಮೇಸನ್ ಅದಕ್ಕೆ ತೇಪೆ ಹಾಕ್ತಾ ಹಾಕ್ತಾ, ಕೊನೆಗೆ ಎಲ್ಲಾ ಹೊಸದಾಗಿ ಬರೆದು 2001ರಲ್ಲಿ ಸ್ಪ್ಯಾಮ್‌ಅಸ್ಯಾಸಿನ್ ಅಂತ ಹೊರಗೆ ಬಿಟ್ಟ. ಇದರ ಉಪಾಯ ನಮ್ಮ ಪರೀಕ್ಷೆಯ ಉಲ್ಟಾ. ಪ್ರತಿ ಅನುಮಾನಕ್ಕೂ ಇಷ್ಟಿಷ್ಟು ಅಂಕ. ಒಟ್ಟು ಐದು ದಾಟಿದರೆ ಫೇಲ್. ಒಂದು ಕೆಟ್ಟ ಪದಕ್ಕೆ ಯಾರನ್ನೂ ಗಲ್ಲಿಗೇರಿಸಲ್ಲ. ಒಳ್ಳೆ ಲಕ್ಷಣ ಇದ್ದರೆ ಅಂಕ ಕಳೀತಾರೆ. ಫೇಲ್ ಆದ ಪತ್ರವನ್ನೂ ಅದು ತಾನಾಗಿ ಅಳಿಸಲ್ಲ, ಹಣೆಗೆ ಒಂದು ಚೀಟಿ ಅಂಟಿಸಿ ಮುಂದಕ್ಕೆ ಕಳಿಸುತ್ತೆ ಅಷ್ಟೆ. ಮುಂದಿನದು ಅಡ್ಮಿನ್ ಇಷ್ಟ.

ನಮ್ಮ ಸರ್ವರ್‌ಗೇ ಬೇಕಾದ ನಿಯಮಗಳನ್ನು ಬರೆಯೋಕೆ ಅದರಲ್ಲಿ ಒಂದು ಲೋಕಲ್ ಫೈಲ್ ಇದೆ. 'ಹತ್ತು ಲಕ್ಷ ಮೊಬೈಲ್ ನಂಬರ್ ಡೇಟಾಬೇಸ್ ಮಾರಾಟಕ್ಕಿದೆ' ಅನ್ನೋ ಪತ್ರಗಳಿಗೆ ನಾನು ಅಲ್ಲಿ ಇಟ್ಟಿರೋದು ಒಂದೂವರೆ ಅಂಕ. ಐದಕ್ಕೆ ಐದು ಕೊಡೋ ಆಸೆ ಆಗುತ್ತೆ. ಕೊಡಲ್ಲ. ನಮ್ಮ ಆಫೀಸಲ್ಲೇ ಯಾರಾದರೂ ಆ ಪತ್ರ ಫಾರ್ವರ್ಡ್ ಮಾಡಿ 'ಇವರ ಮೇಲೆ ಕಂಪ್ಲೇಂಟ್ ಕೊಡೋಣ್ವಾ' ಅಂತ ಕೇಳಬಹುದಲ್ಲ.

2002ರ ಆಗಸ್ಟ್‌ನಲ್ಲಿ ಪಾಲ್ ಗ್ರಹಾಂ ಒಂದು ಪ್ರಬಂಧ ಬರೆದು, ನಿಯಮ ಬರೆಯೋದನ್ನೇ ಬಿಡಿ ಅಂದ. ಒಳ್ಳೆ ಪತ್ರ ನಾಲ್ಕು ಸಾವಿರ, ಕೆಟ್ಟದ್ದು ನಾಲ್ಕು ಸಾವಿರ ಗುಡ್ಡೆ ಹಾಕಿ, ಯಾವ ಪದ ಯಾವ ಗುಡ್ಡೆಯಲ್ಲಿ ಎಷ್ಟು ಸಲ ಬರುತ್ತೆ ಅಂತ ಎಣಿಸಿದ. ಲೆಕ್ಕದ ತಳಹದಿ 1761ರಲ್ಲಿ ತೀರಿಕೊಂಡ ಇಂಗ್ಲಿಷ್ ಪಾದ್ರಿ ಥಾಮಸ್ ಬೇಯ್ಸ್‌ನದು. ಇದೇ ದಾರಿಯಲ್ಲಿ 1998ರಲ್ಲೇ ಮೈಕ್ರೋಸಾಫ್ಟ್ ಸಂಶೋಧಕರು ಹೋಗಿದ್ದರು, ಆದರೆ ಜನಕ್ಕೆ ಮುಟ್ಟಿಸಿದ್ದು ಗ್ರಹಾಂ. ಅಶ್ಲೀಲ ಪದಗಳಷ್ಟೇ ಗಟ್ಟಿಯಾದ ಸಾಕ್ಷಿ ಅವನಿಗೆ ಸಿಕ್ಕಿದ್ದು ಎಚ್‌ಟಿಎಂಎಲ್‌ನ ಕಡುಗೆಂಪು ಬಣ್ಣದ ಕೋಡ್‌ನಲ್ಲಿ! ಅದನ್ನು ಯಾವ ಅಡ್ಮಿನ್ ಊಹಿಸಿ ನಿಯಮ ಬರೀತಿದ್ದ? ಆದರೆ ನನಗೆ ಹೆಚ್ಚು ಇಷ್ಟವಾಗಿದ್ದು ಇನ್ನೊಂದು ಸಣ್ಣ ವಿವರ. ಒಳ್ಳೆ ಪತ್ರದಲ್ಲಿ ಬಂದ ಪದವನ್ನು ಅವನು ಎರಡು ಸಲ ಎಣಿಸ್ತಿದ್ದ. ಬೇಕಂತಲೇ ಮಾಡಿದ ಪಕ್ಷಪಾತ, ಒಳ್ಳೆಯವರ ಪರವಾಗಿ.

ಈ ಎಣಿಕೆಯನ್ನ ಕನ್ನಡಕ್ಕೆ ತಂದರೆ ಮಾತ್ರ ಸ್ವಲ್ಪ ಎಡವುತ್ತೆ. ಇಂಗ್ಲಿಷಿನಲ್ಲಿ 'ಲಾಟರಿ' ಬಹುಪಾಲು ಒಂದೇ ಪದ. ನಮ್ಮಲ್ಲಿ ಲಾಟರಿಯಲ್ಲಿ, ಲಾಟರಿಗೆ, ಲಾಟರಿಯಿಂದ, ಲಾಟರಿಯಂತೆ. ಜಾಗ ಬಿಟ್ಟ ಕಡೆ ಕತ್ತರಿಸೋ ಸ್ಕ್ರಿಪ್ಟಿಗೆ ಇವೆಲ್ಲ ಸಂಬಂಧವೇ ಇಲ್ಲದ ಬೇರೆ ಬೇರೆ ಪದಗಳು. ಕಲಿಸೋಕೆ ಪತ್ರ ಜಾಸ್ತಿ ಬೇಕು, ಆಫೀಸಿಗೆ ಬರೋ ಕನ್ನಡ ಪತ್ರ ಎಷ್ಟಂತೀರಿ!

ಅಂಕ ಕೊಡೋ ಪದ್ಧತಿಯೂ ಒಮ್ಮೆ ಮುಗ್ಗರಿಸಿತು. ಸ್ಪ್ಯಾಮರ್‌ಗಳು ತಮ್ಮ ಪತ್ರ ಪಟ್ಟಿಯ ತುದಿಯಲ್ಲೇ ಕಾಣಲಿ ಅಂತ ಮುಂದಿನ ಯಾವುದೋ ವರ್ಷದ ತಾರೀಕು ಹಾಕ್ತಿದ್ದರು. ಅದಕ್ಕೊಂದು ನಿಯಮ ಇತ್ತು: ಇಸವಿಯಲ್ಲಿ 20ರ ಮುಂದೆ 1ರಿಂದ 9ರವರೆಗಿನ ಅಂಕಿ ಬಂದರೆ ಅದು ದೂರದ ಭವಿಷ್ಯ, ಮೂರಕ್ಕೂ ಹೆಚ್ಚು ಅಂಕ. ಬರೆದಾಗ ಸರಿಯೇ ಇತ್ತು. 2010ರ ಜನವರಿ 1 ಬಂತು. ಆ ಬೆಳಿಗ್ಗೆ ಜಗತ್ತಿನಲ್ಲಿ ಬರೆದ ಪ್ರತಿ ಪತ್ರವೂ ಹುಟ್ಟುವಾಗಲೇ ಅರ್ಧಕ್ಕಿಂತ ಹೆಚ್ಚು ಫೇಲ್. ಅಭಿವೃದ್ಧಿಯಲ್ಲಿದ್ದ ಆವೃತ್ತಿಯಲ್ಲಿ ಇದನ್ನು ಆಗಲೇ ಸರಿಪಡಿಸಿದ್ದರು, ಜನ ಬಳಸ್ತಿದ್ದ ಆವೃತ್ತಿಗೆ ಅದು ತಲುಪಿರಲಿಲ್ಲ. ಗೊತ್ತಾದ ತಕ್ಷಣ ಅವತ್ತೇ ತಿದ್ದುಪಡಿ ಹೊರಟಿತು. ಅಷ್ಟರಲ್ಲಿ ಇನ್ನೊಂದೆರಡು ಸಣ್ಣ ಅನುಮಾನ ಸೇರಿ ಐದು ದಾಟಿದ ಪತ್ರಗಳು, ಚೀಟಿ ಅಂಟಿಸಿ ಬಿಡ್ತಿದ್ದ ಸರ್ವರ್‌ಗಳಲ್ಲಿ ಸ್ಪ್ಯಾಮ್ ಫೋಲ್ಡರಿನಲ್ಲಿ ಹುಡುಕಿದರೆ ಸಿಗ್ತಿದ್ದವು. ಕಂಡ ಕೂಡಲೇ ಅಳಿಸು ಅಂತ ಅಡ್ಮಿನ್ ಹೇಳಿಟ್ಟಿದ್ದ ಕಡೆ ಹುಡುಕೋಕೆ ಏನೂ ಉಳಿದಿರಲಿಲ್ಲ.