ಬೀರಿನ ಮಡ್ಡಿಯಲ್ಲಿ ಸಿಕ್ಕ ಮದ್ದು

ಬೀರು ತಯಾರಾದ ಮೇಲೆ ತಳದಲ್ಲಿ ಯೀಸ್ಟಿನ ಮಡ್ಡಿ ಉಳಿಯುತ್ತದೆ. ಅದನ್ನು ಸಾರವಾಗಿಸಿ ಸೀಸೆಯಲ್ಲಿ ತುಂಬಿಟ್ಟು ತಿನ್ನಬಹುದೆಂದು 19ನೇ ಶತಮಾನದಲ್ಲಿ ಕಂಡುಕೊಂಡವರು ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್. 1902ರಲ್ಲಿ ಇಂಗ್ಲೆಂಡಿನ ಬರ್ಟನ್‌ ಎಂಬ ಊರಿನಲ್ಲಿ ಮಾರ್ಮೈಟ್ ಕಂಪೆನಿ ಇದನ್ನೇ ಉದ್ಯಮವಾಗಿಸಿತು. ಬೀರಿನ ಕಾರ್ಖಾನೆಗಳಿಗೆ ಹೆಸರಾದ ಊರದು, ಮಡ್ಡಿಗೇನು ಬರ!

ಸಾರ ತೆಗೆಯುವ ಕೆಲಸದಲ್ಲಿ ಮುಕ್ಕಾಲು ಪಾಲು ಯೀಸ್ಟೇ ಮಾಡಿಕೊಳ್ಳುತ್ತದೆ. ಮಡ್ಡಿಗೆ ಉಪ್ಪು ಬೆರೆಸಿ ಹದವಾಗಿ ಬಿಸಿ ಮಾಡುತ್ತಾರೆ. ಉಪ್ಪು ಹಾಕಿಟ್ಟ ಮಾವಿನಕಾಯಿ ಹೋಳಿನಂತೆ ಯೀಸ್ಟಿನ ಜೀವಕೋಶವೂ ನೀರು ಬಿಟ್ಟು ಮುದುಡುತ್ತದೆ. ಕೋಶದೊಳಗಿನ ಒಂದು ಪುಟ್ಟ ಚೀಲದಲ್ಲಿ ಪ್ರೋಟೀನನ್ನು ತುಂಡರಿಸುವ ಕಿಣ್ವಗಳಿರುತ್ತವೆ. ಬದುಕಿರುವಾಗ ಅವು ಚೀಲದೊಳಗೇ ಬಂದಿ. ಕೋಶ ಸತ್ತು ಚೀಲದ ಪೊರೆ ಹರಿಯಿತೆಂದರೆ, ಹೊರಬಂದ ಕಿಣ್ವಗಳು ತಾವಿದ್ದ ಮನೆಯನ್ನೇ ಜೀರ್ಣಿಸತೊಡಗುತ್ತವೆ. ಪ್ರೋಟೀನು ಒಡೆದು ಅಮೈನೋ ಆಮ್ಲಗಳಾಗುತ್ತದೆ. ಶಾಖ ಅತಿಯಾದರೆ ಕಿಣ್ವಗಳೇ ಕೆಟ್ಟು ಕೆಲಸ ನಿಲ್ಲುತ್ತದೆ. ಗಟ್ಟಿಯಾದ ಹೊರಗೋಡೆ ಮಾತ್ರ ಸುಲಭಕ್ಕೆ ಕರಗದೆ, ಸುಕ್ಕುಗಟ್ಟಿದ ಸಿಪ್ಪೆಯಾಗಿ ಉಳಿಯುತ್ತದೆ. ಅದನ್ನು ಬೇರ್ಪಡಿಸಿ ದ್ರವವನ್ನು ಇಂಗಿಸಿದರೆ ಕಪ್ಪುಗಂದು ಬಣ್ಣದ ಅಂಟು ಸಾರ ಸಿದ್ಧ. ಬಲು ಉಪ್ಪು, ಎಲ್ಲರ ನಾಲಿಗೆಗೂ ಹಿಡಿಸುವ ಪದಾರ್ಥವಲ್ಲ.

ಇದು ಔಷಧವೂ ಆದದ್ದು ನಮ್ಮ ದೇಶದಲ್ಲಿ. ಆಗಿನ ಬೊಂಬಾಯಿಯ ಬಟ್ಟೆ ಗಿರಣಿಗಳ ಬಡ ಕೆಲಸಗಾರ್ತಿಯರಲ್ಲಿ ಬಸುರಿಯರಿಗೆ ತೀವ್ರ ರಕ್ತಹೀನತೆ ಕಾಣಿಸಿಕೊಳ್ಳುತ್ತಿತ್ತು. ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. 1928ರಲ್ಲಿ ಇಂಗ್ಲೆಂಡಿನಿಂದ ಬಂದ ವೈದ್ಯೆ ಲೂಸಿ ವಿಲ್ಸ್ ಇದಕ್ಕೆ ರೋಗಾಣು ಕಾರಣವಲ್ಲ, ಊಟದ ಕೊರತೆಯೇ ಕಾರಣವೆಂದು ಶಂಕಿಸಿದರು. ನಮ್ಮ ನೆರೆಯ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲೂ ಅವರು ಕೆಲಸ ಮಾಡಿದ್ದುಂಟು. ಕೊನೆಗೆ ಅವರು ರೋಗಿಗಳಿಗೆ ಕೊಟ್ಟದ್ದು ಮಾರ್ಮೈಟನ್ನು. ಕೆಲವೇ ದಿನಗಳಲ್ಲಿ ಹೊಸ ರಕ್ತಕಣಗಳು ಹುಟ್ಟತೊಡಗಿದವು. ಈ ಚಿಕಿತ್ಸೆಯ ವರದಿ 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು.

ಗುಣಪಡಿಸಿದ ವಸ್ತು ಯಾವುದೆಂದು ಆಗ ಸ್ವತಃ ವಿಲ್ಸ್ ಅವರಿಗೂ ತಿಳಿದಿರಲಿಲ್ಲ. ಹೆಸರಿಲ್ಲದ ಅದನ್ನು ‘ವಿಲ್ಸ್ ಅಂಶ’ ಎಂದೇ ಕರೆದರು. ಹತ್ತು ವರ್ಷಗಳ ನಂತರ, 1941ರಲ್ಲಿ, ಅಮೆರಿಕದ ಟೆಕ್ಸಾಸಿನ ವಿಜ್ಞಾನಿಗಳು ರಾಶಿಗಟ್ಟಲೆ ಪಾಲಕ್ ಸೊಪ್ಪಿನಿಂದ ಒಂದು ವಸ್ತುವನ್ನು ಬೇರ್ಪಡಿಸಿದರು. ಎಲೆಗೆ ಲ್ಯಾಟಿನ್ನಿನಲ್ಲಿರುವ ಪದ ಹಿಡಿದು ಅದಕ್ಕೆ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. ಯೀಸ್ಟಿನ ಸಾರದಲ್ಲಿದ್ದುದೂ ಇದೇ ಬಗೆಯ ಜೀವಸತ್ವ. 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ್ದು ಅಮೆರಿಕದ ಲೆಡರ್ಲೆ ಪ್ರಯೋಗಾಲಯ. ಅಲ್ಲಿನ ಸಂಶೋಧನಾ ನಿರ್ದೇಶಕರಾಗಿದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಇಂದು ಗರ್ಭಿಣಿಯರಿಗೆ ಕಬ್ಬಿಣಾಂಶದ ಮಾತ್ರೆಯಲ್ಲಿ ಬೆರೆಸಿ ಕೊಡುವುದು ಇದನ್ನೇ.