ಸರಪಳಿ ಗರಗಸದ ಎಂಜಿನು ಮತ್ತು ಕೊಯ್ಯುವ ಬಲ

1929ರಲ್ಲಿ ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ ಎಂಬಾತನು ತಯಾರಿಸಿದ ಪೆಟ್ರೋಲಿನ ಸರಪಳಿ ಗರಗಸವು 46 ಕಿಲೋಗ್ರಾಂ ತೂಗುತ್ತಿತ್ತು. ಅದರ ಎಂಜಿನು 6 ಅಶ್ವಶಕ್ತಿಯದು. ಸರಿಯಾಗಿ ಮೂವತ್ತು ವರ್ಷಗಳ ತರುವಾಯ, 1959ರಲ್ಲಿ, ಅದೇ ಸಂಸ್ಥೆಯು ‘ಕಾಂಟ್ರಾ’ ಎಂಬ ಗರಗಸವನ್ನು ಹೊರತಂದಿತು. ಅದರ ತೂಕ 12 ಕಿಲೋಗ್ರಾಂ. ಅಶ್ವಶಕ್ತಿ ಮಾತ್ರ ಅದೇ 6. ಮೊದಲನೆಯದನ್ನು ಹಿಡಿಯಲು ಇಬ್ಬರು ಬೇಕಾಗಿದ್ದರು. ಎರಡನೆಯದನ್ನು ಒಬ್ಬನೇ ಹೆಗಲಿಗೇರಿಸಿಕೊಂಡು ಕಾಡಿನೊಳಕ್ಕೆ ನಡೆಯುತ್ತಿದ್ದನು. ಯಂತ್ರಗಳ ಚರಿತ್ರೆಯನ್ನು ಅಶ್ವಶಕ್ತಿಯ ಏರಿಕೆಯ ಕಥೆಯೆಂದು ಬರೆಯುವ ವಾಡಿಕೆಯೊಂದುಂಟು. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಆ ವಾಡಿಕೆಯು ಇಲ್ಲಿ ಸಲ್ಲುವುದಿಲ್ಲವೆಂದು ನಮಗೆ ತೋರುತ್ತದೆ. ಹಾಗಾದರೆ ಕೊಯ್ಯುವ ಬಲವು ಎಲ್ಲಿಂದ ಬಂದಿತು, ಅದನ್ನು ಇನ್ನೂ ಹೆಚ್ಚಿಸಬೇಕೆಂಬ ಹಂಬಲ ಯಾರದಾಗಿತ್ತು, ಅದರ ಬೆಲೆಯನ್ನು ಯಾರು ತೆತ್ತರು ಎಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲ ಗರಗಸಗಳ ತೊಡಕು ಎಂಜಿನಿನ ದೌರ್ಬಲ್ಯವಾಗಿರಲಿಲ್ಲ. ಅವುಗಳ ಕಾರ್ಬುರೇಟರಿನಲ್ಲಿ ಪೆಟ್ರೋಲಿನ ಮಟ್ಟವನ್ನು ಕಾಯಲು ಒಂದು ತೇಲುಬುರುಡೆಯಿರುತ್ತಿತ್ತು. ಎಂಜಿನನ್ನು ಓರೆಮಾಡಿದೊಡನೆ ಆ ಮಟ್ಟ ಕೆಟ್ಟು ಎಂಜಿನು ನಿಲ್ಲುತ್ತಿತ್ತು. ಆದಕಾರಣ ನಿಂತ ಮರವನ್ನು ಅಡ್ಡಲಾಗಿ ಕೊಯ್ಯಬೇಕಾದಾಗ ಎಂಜಿನನ್ನು ನೆಟ್ಟಗೆ ಹಿಡಿದು ಸರಪಳಿಯ ಪಟ್ಟಿಯನ್ನು ಮಾತ್ರ ತಿರುಗಿಸುವ ಏರ್ಪಾಡು ಮಾಡಬೇಕಾಯಿತು. ತೇಲುಬುರುಡೆಯ ಬದಲು ತೆಳುವಾದ ಪೊರೆಯಿಂದ ಕೆಲಸಮಾಡುವ ಕಾರ್ಬುರೇಟರುಗಳು ಎರಡನೆಯ ಮಹಾಯುದ್ಧದ ಅನಂತರ ಬಳಕೆಗೆ ಬಂದ ಮೇಲೆಯೇ ಗರಗಸವನ್ನು ಬೇಕಾದ ಕೋನದಲ್ಲಿ ಹಿಡಿಯುವುದು ಸಾಧ್ಯವಾಯಿತು. 1949ರಲ್ಲಿ ಅಮೆರಿಕದ ಮೆಕಲಕ್ ಸಂಸ್ಥೆಯು ತಂದ ‘3-25’ ಎಂಬ ಗರಗಸದ ಹೆಸರೇ ಆ ಕಾಲದ ಗುರಿಯನ್ನು ಹೇಳುತ್ತದೆ: 3 ಅಶ್ವಶಕ್ತಿ, 25 ಪೌಂಡು.

ಇದಕ್ಕಿಂತ ಮುಖ್ಯವಾದ ಬದಲಾವಣೆಯು ಎಂಜಿನಿನಲ್ಲಲ್ಲ, ಹಲ್ಲಿನಲ್ಲಿ ಆಯಿತು. ಹಳೆಯ ಸರಪಳಿಗಳ ಹಲ್ಲುಗಳು ಕೈಗರಗಸದ ಹಲ್ಲುಗಳ ಅನುಕರಣೆಗಳೇ ಆಗಿದ್ದುವು. ಅವು ಮರವನ್ನು ಕೆರೆಯುತ್ತಿದ್ದುವು, ಬೇಗನೆ ಮೊಂಡಾಗುತ್ತಿದ್ದುವು. ಅವನ್ನು ಮಸೆಯುವುದೇ ಒಂದು ದೊಡ್ಡ ಕೆಲಸವಾಗಿತ್ತು. ಆರೆಗಾನ್ ಸಂಸ್ಥಾನದ ಜೋಸೆಫ್ ಕಾಕ್ಸ್ ಎಂಬ ಮರಕಡಿಯುವವನು 1946ರಲ್ಲಿ ಕೊರಡೊಂದರಲ್ಲಿ ದುಂಬಿಯ ಮರಿಹುಳುವನ್ನು ಕಂಡನು. ಆ ಹುಳುವು ಎಳೆಗೆ ಅಡ್ಡಲಾಗಿಯೂ ಉದ್ದಕ್ಕೂ ಒಂದೇ ಸಲೀಸಿನಿಂದ ಕೊರೆಯುತ್ತ ಹೋಗುತ್ತಿತ್ತು. ಅದರ ಬಾಗಿದ ದವಡೆಗಳೆರಡು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಚ್ಚುವುದನ್ನು ಗಮನಿಸಿ, ಅವುಗಳ ಆಕಾರದಲ್ಲಿಯೇ ಉಕ್ಕಿನ ಹಲ್ಲುಗಳನ್ನು ಮಾಡಿ ಸರಪಳಿಯ ಎರಡು ಮಗ್ಗುಲಲ್ಲಿಯೂ ಒಂದು ಬಿಟ್ಟೊಂದರಂತೆ ಜೋಡಿಸಿದನು. 1947ರಲ್ಲಿ ಪೋರ್ಟ್‌ಲೆಂಡ್ ನಗರದ ತನ್ನ ಮನೆಯ ನೆಲಮಾಳಿಗೆಯಲ್ಲಿ ಇವುಗಳ ತಯಾರಿಕೆಗೆ ತೊಡಗಿದನು. ಇಂದು ಕಾಡಿನಲ್ಲಿ ಓಡುವ ಸರಪಳಿಗಳು ಬಹುಮಟ್ಟಿಗೆ ಆ ಹಲ್ಲಿನ ಸಂತತಿಯೇ ಆಗಿವೆ. ಎಂಜಿನನ್ನು ಮುಟ್ಟದೆಯೇ ಕೊಯ್ಯುವ ಬಲವನ್ನು ಹೆಚ್ಚಿಸಿದ ಈ ಮನುಷ್ಯನು ಎಂಜಿನಿಯರನಲ್ಲ, ಕೂಲಿಯ ಮರಕಡುಕನೆಂಬುದನ್ನು ನಾವು ನೆನಪಿಡಬೇಕು.

ಇನ್ನು ಎಂಜಿನಿನ ವಿಷಯ. ಸರಪಳಿ ಗರಗಸದಲ್ಲಿರುವುದು ಟೂ-ಸ್ಟ್ರೋಕ್ ಎಂಜಿನು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಟ ಜಾವಾ, ಯೆಜ್ಡಿ ಮೋಟಾರು ಸೈಕಲ್ಲುಗಳ ಸದ್ದನ್ನು ಕೇಳಿ ಬೆಳೆದವರಿಗೆ, ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕುವ ಈ ಎಂಜಿನು ಅಪರಿಚಿತವಲ್ಲ. ಇದರ ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ. ಏರಿ ಇಳಿಯುವ ಪಿಸ್ಟನ್ನೇ ಅವನ್ನು ಮುಚ್ಚುತ್ತದೆ, ತೆರೆಯುತ್ತದೆ. ಬೇರೆ ಕವಾಟಗಳಾಗಲಿ ಅವನ್ನು ನಡೆಸುವ ಚಕ್ರಗಳಾಗಲಿ ಬೇಕಿಲ್ಲ. ಕಿಂಡಿಯ ಅಂಚು ಎಷ್ಟು ಎತ್ತರದಲ್ಲಿದೆ, ಅದು ಎಷ್ಟು ಅಗಲವಾಗಿದೆ ಎಂಬುದರ ಮೇಲೆಯೇ ಎಂಜಿನಿನ ಸ್ವಭಾವವು ನಿಂತಿದೆ. ಈ ಕಾರಣದಿಂದಲೇ ಕಾರ್ಖಾನೆ ಕೊಟ್ಟ ಎಂಜಿನನ್ನು ಬದಲಾಯಿಸಲು ದೊಡ್ಡ ಯಂತ್ರಶಾಲೆಯ ಅಗತ್ಯ ಬೀಳಲಿಲ್ಲ. ಒಂದು ಅರವೂ ತಾಳ್ಮೆಯೂ ಇದ್ದರೆ ಸಾಕಾಗಿತ್ತು.

ಬದಲಾವಣೆಗಳು ಮುಖ್ಯವಾಗಿ ಮೂರು ಬಗೆಯವು. ಹೊಗೆ ಹೊರಹೋಗುವ ಕಿಂಡಿಯನ್ನು ಅರದಿಂದ ಅಗಲಿಸುವುದು ಅಥವಾ ಅದರ ಮೇಲಂಚನ್ನು ತುಸು ಏರಿಸುವುದು. ಸಿಲಿಂಡರಿನ ತಳದಲ್ಲಿರುವ ಗ್ಯಾಸ್ಕೆಟ್ಟನ್ನು ತೆಗೆದೋ ತಳವನ್ನೇ ಕಡೆದೋ ಒತ್ತಡವನ್ನು ಹೆಚ್ಚಿಸುವುದು. ಸೈಲೆನ್ಸರಿನ ದ್ವಾರವನ್ನು ದೊಡ್ಡದು ಮಾಡುವುದು. ಕೇಳುವುದಕ್ಕೆ ಸುಲಭ, ಆದರೆ ಒಂದೊಂದಕ್ಕೂ ದಂಡವಿದೆ. ಮೇಲಂಚನ್ನು ಏರಿಸಿದರೆ ಹೆಚ್ಚಿನ ವೇಗದಲ್ಲಿ ಬಲ ಬರುತ್ತದೆ, ಕಡಮೆ ವೇಗದಲ್ಲಿ ಇದ್ದ ಬಲವೂ ಹೋಗುತ್ತದೆ; ದಪ್ಪ ಮರದಲ್ಲಿ ಸರಪಳಿಯು ಸಿಕ್ಕಿಕೊಳ್ಳುವಾಗ ಬೇಕಾದುದು ಆ ಬಲವೇ. ಕಿಂಡಿಯನ್ನು ಅತಿಯಾಗಿ ಅಗಲಿಸಿದರೆ ಪಿಸ್ಟನ್ನಿನ ಉಂಗುರವು ಅದರೊಳಕ್ಕೆ ಉಬ್ಬಿ ಮುರಿಯುತ್ತದೆ. ಅಲ್ಯೂಮಿನಿಯಂ ಸಿಲಿಂಡರುಗಳ ಒಳಗೋಡೆಗೆ ಕ್ರೋಮಿಯಂ ಮೊದಲಾದುವುಗಳ ತೆಳುಲೇಪವಿರುತ್ತದೆ. ಅರವು ಜಾರಿದರೆ ಅದು ಏಳುತ್ತದೆ. ಸೈಲೆನ್ಸರನ್ನು ತೆರೆದು ಕಾರ್ಬುರೇಟರಿನ ತಿರುಪನ್ನು ಮರೆತವನ ಗತಿ ಎಲ್ಲಕ್ಕಿಂತ ಕೆಟ್ಟದ್ದು. ಗಾಳಿ ಹೆಚ್ಚಾಗಿ ಪೆಟ್ರೋಲು ಕಡಮೆಯಾದಾಗ ಎಂಜಿನು ಕಾಯುತ್ತದೆ. ಪೆಟ್ರೋಲಿನೊಡನೆ ಬರಬೇಕಾದ ಎಣ್ಣೆಯೂ ಅಷ್ಟೇ ಕಡಮೆಯಾಗುತ್ತದೆ. ಪಿಸ್ಟನ್ನು ಉಜ್ಜಿ ಹಿಡಿದುಕೊಳ್ಳುತ್ತದೆ.

ಟೂ-ಸ್ಟ್ರೋಕ್ ಎಂಜಿನಿನಿಂದ ಎಷ್ಟು ಬಲವನ್ನು ಹಿಂಡಬಹುದೆಂಬುದನ್ನು ತೋರಿಸಿದವನು ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯ ವಾಲ್ಟರ್ ಕಾಡೆನ್. ಹೊಗೆಕೊಳವೆಯನ್ನು ಮೊದಲು ಹಿಗ್ಗಿಸಿ ಮತ್ತೆ ಕುಗ್ಗಿಸಿ, ಅದರೊಳಗೆ ಎದ್ದ ಒತ್ತಡದ ಅಲೆಯು ಹಿಂದಿರುಗಿ ಬಂದು ತಪ್ಪಿಸಿಕೊಳ್ಳುತ್ತಿದ್ದ ಅನಿಲವನ್ನು ಸಿಲಿಂಡರಿಗೆ ಮರಳಿ ನೂಕುವಂತೆ ಆತನು ಮಾಡಿದನು. 1961ರ ಹೊತ್ತಿಗೆ ಆತನ 125 ಸಿ.ಸಿ. ಪಂದ್ಯದ ಎಂಜಿನು 25 ಅಶ್ವಶಕ್ತಿಯನ್ನು ಕೊಡುತ್ತಿತ್ತು. ಅದೇ ವರ್ಷ ಆತನ ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಓಡಿಹೋಗಿ ಸುಜುಕಿ ಸಂಸ್ಥೆಯನ್ನು ಸೇರಿದ ಪ್ರಸಂಗವು ರೋಚಕವಾದರೂ ನಮ್ಮ ವಿಷಯದಿಂದ ದೂರ. ಈ ಕೊಳವೆಯು ಕಾಡಿನ ಗರಗಸಕ್ಕೆ ಒದಗಲಿಲ್ಲ. ಅದು ಉದ್ದ, ಬಿಸಿ, ಕೊಂಬೆಗೆ ತಾಗಿದರೆ ಮುರಿಯುವಂಥದು, ಅಲ್ಲದೆ ವೇಗದ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ ಫಲಕೊಡುವಂಥದು. ವಿಸ್ಕಾನ್ಸಿನ್ ಸಂಸ್ಥಾನದ ಹೇವರ್ಡಿನಲ್ಲಿ 1960ರಿಂದ ನಡೆಯುತ್ತಿರುವಂಥ ಮರಕಡುಕರ ಪಂದ್ಯಗಳಲ್ಲಿ ಮಾತ್ರ ಅದಕ್ಕೆ ಜಾಗ ದೊರೆಯಿತು. ಹಿಮಬಂಡಿಯ ಎಂಜಿನನ್ನೇ ಗರಗಸಕ್ಕೆ ಕೂಡಿಸಿದ ‘ಹಾಟ್ ಸಾ’ ಅಲ್ಲಿ ಕೆಲವೇ ಕ್ಷಣಗಳಲ್ಲಿ ಕೊರಡಿನಿಂದ ಬಿಲ್ಲೆಗಳನ್ನು ಉರುಳಿಸುತ್ತದೆ. ಅದು ನೋಟ, ಜೀವನೋಪಾಯವಲ್ಲ.

ಜೀವನೋಪಾಯದ ಕಡೆಗೆ ತಿರುಗೋಣ. ಎಂಜಿನು ಮಾರ್ಪಡಿಸುವುದನ್ನು ಬರಿಯ ಹವ್ಯಾಸವೆಂದು ತಳ್ಳಿಹಾಕುವವರಿದ್ದಾರೆ. ನಾವು ಅದನ್ನು ಒಪ್ಪಲಾರೆವು. ಆರೆಗಾನ್, ವಾಷಿಂಗ್ಟನ್ ಸಂಸ್ಥಾನಗಳ ಕಾಡುಗಳಲ್ಲಿ ಮರ ಉರುಳಿಸುವವರಲ್ಲಿ ಬಹುಮಂದಿಗೆ ಸಂಬಳವು ದಿನದ ಲೆಕ್ಕದಲ್ಲಿರಲಿಲ್ಲ, ಕಡಿದ ಮರದ ಅಳತೆಯ ಲೆಕ್ಕದಲ್ಲಿತ್ತು. ಗರಗಸ ಅವನದೇ, ಪೆಟ್ರೋಲೂ ಅವನದೇ. ಕೊಯ್ತದಲ್ಲಿ ಉಳಿದ ಪ್ರತಿಯೊಂದು ಕ್ಷಣವೂ ಅವನ ಕೈಗೆ ಕಾಸಾಗಿ ಬರುವಾಗ ಅವನು ಅರವನ್ನು ಕೈಗೆತ್ತಿಕೊಂಡುದರಲ್ಲಿ ಆಶ್ಚರ್ಯವೇನು? ಆದರೆ ಈ ಲೆಕ್ಕದಲ್ಲಿ ಒಂದು ತಪ್ಪಿದೆ. ಮರದಿಂದ ಮರಕ್ಕೆ ನಡೆಯುವುದು, ವಾಲುವ ದಿಕ್ಕನ್ನು ಅಂದಾಜುಮಾಡುವುದು, ಓಡಿಹೋಗಲು ದಾರಿ ಸವರಿಕೊಳ್ಳುವುದು, ಬೆಣೆ ಹೊಡೆಯುವುದು ಇವೆಲ್ಲ ಸೇರಿದರೆ, ಸರಪಳಿಯು ಮರದೊಳಗಿರುವ ಹೊತ್ತು ದಿನದ ಒಂದು ಪಾಲು ಮಾತ್ರ. ಕೊಯ್ತವು ಕಾಲುಪಾಲು ಚುರುಕಾದರೆ ಕೂಲಿಯು ಕಾಲುಪಾಲು ಹೆಚ್ಚಲಾರದು. ಹೆಚ್ಚಬೇಕಾದರೆ ಉಳಿದ ಕೆಲಸಗಳಲ್ಲಿ ಅವಸರಪಡಬೇಕು. ಆ ಅವಸರವೇ ಪ್ರಾಣಕ್ಕೆ ಎರವು.

ಅವಸರವಿಲ್ಲದವನೂ ತೆತ್ತ ಬೆಲೆಯೊಂದಿತ್ತು. ಹಿಡಿಗಳನ್ನು ಎಂಜಿನಿಗೆ ನೇರವಾಗಿ ಬಿಗಿದಿದ್ದ ಗರಗಸಗಳ ನಡುಕವು ವರ್ಷಗಟ್ಟಲೆ ಕೈಯೊಳಗೆ ಇಳಿದು ಬೆರಳುಗಳ ರಕ್ತನಾಳಗಳನ್ನೂ ನರಗಳನ್ನೂ ಕೆಡಿಸುತ್ತಿತ್ತು. ಚಳಿಯಲ್ಲಿ ಬೆರಳುಗಳು ಸುಣ್ಣದಂತೆ ಬಿಳಿಚಿ ಜೋಮುಹಿಡಿಯುತ್ತಿದ್ದುವು. ಜಪಾನಿನ ಹೊಕ್ಕೈಡೊ ದ್ವೀಪದಲ್ಲಿ 1954ರ ಸೆಪ್ಟೆಂಬರಿನ ಚಂಡಮಾರುತವು ಅಪಾರವಾದ ಕಾಡನ್ನು ಕೆಡವಿತು. ಬಿದ್ದ ಮರವು ಕೊಳೆಯುವ ಮುನ್ನ ಕತ್ತರಿಸಿ ಸಾಗಿಸಬೇಕಾಗಿ ಬಂದುದರಿಂದ ಅಲ್ಲಿಯ ಸರ್ಕಾರಿ ಅರಣ್ಯಗಳಿಗೆ ಸರಪಳಿ ಗರಗಸಗಳು ದೊಡ್ಡ ಸಂಖ್ಯೆಯಲ್ಲಿ ಬಂದುವು. ಮುಂದಿನ ದಶಕದಲ್ಲಿ ಬಿಳಿ ಬೆರಳಿನ ರೋಗವು ಅಲ್ಲಿ ಕಾರ್ಮಿಕ ಪ್ರಶ್ನೆಯಾಗಿ ಎದ್ದು, ಕೊನೆಗೆ ಗರಗಸ ಹಿಡಿಯುವ ಹೊತ್ತನ್ನು ದಿನಕ್ಕೆ ಎರಡು ಗಂಟೆಗೆ ಸೀಮಿತಗೊಳಿಸುವವರೆಗೆ ಹೋಯಿತು. ಹಿಡಿಗೂ ಎಂಜಿನಿಗೂ ನಡುವೆ ರಬ್ಬರನ್ನಿಡುವ ಏರ್ಪಾಡು 1960ರ ದಶಕದ ನಡುಭಾಗದಿಂದಲೂ, ಗರಗಸವು ಹಿಮ್ಮೆಟ್ಟಿ ಚಿಮ್ಮಿದಾಗ ಸರಪಳಿಯನ್ನು ನಿಲ್ಲಿಸುವ ಬ್ರೇಕು 1970ರ ದಶಕದ ಮೊದಲಿಂದಲೂ ಹರಡಿದುವು.

ಸ್ವೀಡನ್ನಿನ ಅರಣ್ಯಕಾರ್ಮಿಕರು ಬೇರೆ ದಾರಿ ಹಿಡಿದರು. 1975ರಲ್ಲಿ ಅವರು ತಮ್ಮ ಸಂಘದ ಒಪ್ಪಿಗೆಗೂ ಕಾಯದೆ ಮುಷ್ಕರ ಹೂಡಿ, ಕಡಿದಷ್ಟಕ್ಕೆ ಕೂಲಿಯೆಂಬ ಪದ್ಧತಿಯೇ ಬೇಡ, ತಿಂಗಳ ಸಂಬಳ ಬೇಕು ಎಂದರು. ಪದ್ಧತಿಯು ಬದಲಾದ ಮೇಲೆ ಅಪಘಾತಗಳು ತಗ್ಗಿದುವೆಂದು ಅಲ್ಲಿಯ ಸಂಶೋಧಕರು ಕಂಡರು. ಗರಗಸ ಅದೇ, ಎಂಜಿನು ಅದೇ. ಬದಲಾದುದು ಸಂಬಳದ ಚೀಟಿ. ಬಲದ ಚರಿತ್ರೆಯಲ್ಲಿ ಈ ಮುಷ್ಕರಕ್ಕೆ ಕಾಂಟ್ರಾ ಗರಗಸದಷ್ಟೇ ಸ್ಥಾನವಿದೆಯೆಂದು ನಾವು ಎಣಿಸುತ್ತೇವೆ.

ಅಮೆರಿಕದಲ್ಲಿ ಅರಕ್ಕೆ ಅಡ್ಡಬಂದುದು ಮುಷ್ಕರವಲ್ಲ, ಹೊಗೆಯ ಕಾನೂನು. ಕ್ಯಾಲಿಫೋರ್ನಿಯದಲ್ಲಿ 1995ರಿಂದಲೂ ಇಡೀ ದೇಶದಲ್ಲಿ 1997ರಿಂದಲೂ ಸಣ್ಣ ಎಂಜಿನುಗಳ ಹೊಗೆಗೆ ಮಿತಿ ಬಂದಿತು. ಕಾರ್ಬುರೇಟರಿನ ತಿರುಪುಗಳು ಹೆಚ್ಚು ತಿರುಗದಂತೆ ಅವಕ್ಕೆ ಟೋಪಿಗಳನ್ನು ಹಾಕಲಾಯಿತು. ಈಚಿನ ಎಷ್ಟೋ ಗರಗಸಗಳಲ್ಲಿ ಪೆಟ್ರೋಲು ಗಾಳಿಗಳ ಪ್ರಮಾಣವನ್ನು ವಿದ್ಯುನ್ಮಾನ ಸಾಧನವೇ ನೋಡಿಕೊಳ್ಳುತ್ತದೆ. ತಿರುಗಿಸಲು ತಿರುಪೇ ಇಲ್ಲ. ಆದರೆ ಕಾಕ್ಸನ ಹಲ್ಲಿನ ಮುಂದೆ ಒಂದು ಗಿಡ್ಡ ಮೊಟಕು ಇನ್ನೂ ಉಳಿದಿದೆ. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕೆಂಬುದನ್ನು ನಿಶ್ಚಯಿಸುವುದು ಅದೇ. ಬಲವಾದ ಎಂಜಿನುಳ್ಳವನು ಅದನ್ನು ತುಸು ಹೆಚ್ಚಾಗಿ ತಗ್ಗಿಸುತ್ತಾನೆ. ಅತಿಯಾಗಿ ತಗ್ಗಿಸಿದರೆ ಗರಗಸವು ಮರದಲ್ಲಿ ಕಚ್ಚಿಕೊಂಡು ಹಿಡಿದವನ ಕಡೆಗೇ ಚಿಮ್ಮುತ್ತದೆ. ಆ ಕೆಲಸಕ್ಕೆ ಇಂದಿಗೂ ಬಳಸುವುದು ಚಪ್ಪಟೆಯ ಅರವನ್ನೇ.